ಐಲ್ಯಾಂಡ್ ಪೀಕ್: ಕೈಗವಸು ತೆಗೆಯದೆ ಹಗ್ಗದ ಕೆಲಸ

ನೇಪಾಳದ ಖುಂಬು ಪ್ರದೇಶದ ಐಲ್ಯಾಂಡ್ ಪೀಕ್ (ಇಮ್ಜಾ ತ್ಸೆ, 6189 ಮೀಟರ್) ಹತ್ತಲು ಬೇಕಾದ ಕಾಲಬಲ ಕುಮಾರ ಪರ್ವತವನ್ನು ಬೆನ್ನಿಗೆ 12 ಕೆಜಿ ಹೊತ್ತು ಹತ್ತಿಳಿದರೆ ಬರುತ್ತದೆ. ಅಲ್ಲಿ ಸಿಗದಿರುವುದು ಹಗ್ಗದ ಕೆಲಸ. ತುದಿಯ ಕೆಳಗಿನ ಕಡಿದಾದ ಹಿಮಗೋಡೆಯಲ್ಲಿ ಜುಮಾರ್ (ಹಗ್ಗದ ಮೇಲೆ ಮೇಲಕ್ಕಷ್ಟೇ ಜಾರುವ, ಕೆಳಕ್ಕೆ ಕಚ್ಚಿ ಹಿಡಿಯುವ ಹಿಡಿಕೆ) ಬಿಚ್ಚಿ ಹಾಕಲು ಬಾರದೆ ತಡವರಿಸಿದರೆ ಹಿಂದಿನ ಸಾಲೂ ಚಳಿಯಲ್ಲಿ ನಿಲ್ಲಬೇಕು. ಹಾಗಾಗಿ ಮನೆಯ ಮೆಟ್ಟಿಲ ಕಂಬಿಗೆ ಹಗ್ಗ ಕಟ್ಟಿ, ದಪ್ಪ ಕೈಗವಸು ಹಾಕಿಕೊಂಡೇ ಅಭ್ಯಾಸ ಮಾಡಿದೆ.

ಪರ್ಮಿಟ್ಟನ್ನು ಏಜೆನ್ಸಿಯೇ ಮಾಡಿಸುತ್ತದೆ. ನಾನು ಕೇಳಿದ್ದು ಮೂರೇ ಪ್ರಶ್ನೆ: ಒಬ್ಬ ಕ್ಲೈಂಬಿಂಗ್ ಶೆರ್ಪಾಗೆ ಎಷ್ಟು ಜನ (ಇಬ್ಬರಿಗಿಂತ ಹೆಚ್ಚಾದರೆ ಬೇಡ), ಹವೆ ಕೆಟ್ಟರೆ ಮೀಸಲು ದಿನ ಇದೆಯೇ, ತುದಿ ಸಿಗದಿದ್ದರೂ ಹಿಂದಿರುಗುವ ಗಂಟೆ ಯಾವುದು. ವಿಮೆಯಲ್ಲಿ ಎತ್ತರದ ಮಿತಿ ಓದಿ. ಎಷ್ಟೋ ಪಾಲಿಸಿಗಳು 5000 ಮೀಟರ್ ಮುಟ್ಟುವ ಮೊದಲೇ ಕೈಬಿಡುತ್ತವೆ. ನಡಿಗೆ ಶುರುವಾಗುವ ಲುಕ್ಲಾಕ್ಕೆ ಹೋಗುವ ವಿಮಾನದಲ್ಲಿ ಸಾಮಾನು ಸುಮಾರು 15 ಕೆಜಿ ಮಾತ್ರ. ಸೀಸನ್ನಿನಲ್ಲಿ ವಿಮಾನ ಕಠ್ಮಂಡುವಿನ ಬದಲು ರಾಮೇಛಾಪ್‌ನಿಂದ ಹಾರುವುದುಂಟು, ಆಗ ನಡುರಾತ್ರಿಯೇ ಜೀಪು ಹತ್ತಬೇಕು.

ಎತ್ತರಕ್ಕೆ ಮೈ ಒಗ್ಗಲೆಂದು ದಾರಿಯ ನಾಮ್ಚೆ (3440 ಮೀಟರ್) ಮತ್ತು ಡಿಂಗ್ಬೋಚೆ (4410) ಎರಡರಲ್ಲೂ ಎರಡೆರಡು ರಾತ್ರಿ. ಚುಕುಂಗ್‌ನಲ್ಲಿ (4730) ಉಳಿದು, ಪಕ್ಕದ ಚುಕುಂಗ್ ರೀ ಶಿಖರ ಹತ್ತಿ ಇಳಿದ ಮೇಲೆಯೇ ಬೇಸ್ ಕ್ಯಾಂಪ್. ಈ ದಿನಗಳನ್ನು ಕತ್ತರಿಸಿ ಅಗ್ಗ ಮಾಡಿದ ಪ್ಯಾಕೇಜು ದುಬಾರಿಯೇ. ಎತ್ತರದಿಂದ ತಲೆನೋವು ಬಂದರೆ, ಅದು ಇಳಿಯುವ ತನಕ ಇನ್ನೂ ಮೇಲೆ ಹೋಗಿ ಮಲಗಬಾರದು. ಎತ್ತರದ ಕಾಯಿಲೆ ತಡೆಯಲು ನುಂಗುವ ಡಯಾಮಾಕ್ಸ್ ಮಾತ್ರೆ ಬೇಕೋ ಬೇಡವೋ ಎಂಬುದನ್ನು ಊರಲ್ಲೇ ಡಾಕ್ಟರ ಬಳಿ ತೀರ್ಮಾನಿಸಿ.

ಡಬಲ್ ಬೂಟು (ಒಳಗೊಂದು ಬೆಚ್ಚನೆಯ ಬೂಟಿರುವ ಹಿಮದ ಬೂಟು) ಬಾಡಿಗೆಗೆ ಸಿಗುತ್ತದೆ. ದಪ್ಪ ಕಾಲುಚೀಲ ಹಾಕಿಕೊಂಡು ಇಳಿಜಾರಲ್ಲಿ ನಿಂತು ನೋಡಿ: ಹೆಬ್ಬೆರಳು ಮುಂದೆ ತಾಗಿದರೆ ಇಳಿಯುವಾಗ ಉಗುರು ಹೋಗುತ್ತದೆ, ಬಿಗಿಯಾದರೆ ರಕ್ತ ಓಡದೆ ಬೆರಳು ಮರಗಟ್ಟುತ್ತದೆ. ಮಂಜಿನಲ್ಲಿ ಜಾರದಂತೆ ಬೂಟಿನಡಿ ಕಟ್ಟುವ ಮುಳ್ಳಿನ ಚೌಕಟ್ಟು, ಕ್ರಾಂಪಾನನ್ನು ಅದೇ ಬೂಟಿಗೆ, ಅಂಗಡಿಯಲ್ಲೇ ಕೂರಿಸಿ ಒದರಿ ನೋಡಬೇಕು.

ಹೊರಡುವುದು ರಾತ್ರಿ ಒಂದು ಗಂಟೆಯ ಆಸುಪಾಸು. ನೀರಿನ ಕೊಳವೆ ಹೆಪ್ಪುಗಟ್ಟುವುದರಿಂದ ಅಗಲ ಬಾಯಿಯ ಬಾಟಲಿಗೆ ಬಿಸಿನೀರು ತುಂಬಿ, ಕಾಲುಚೀಲದೊಳಗೆ ತಲೆಕೆಳಗಾಗಿ ಇಟ್ಟೆ. ಮಂಜು ಕಟ್ಟುವುದು ಮೇಲಿನಿಂದ, ಹಾಗಾಗಿ ಮುಚ್ಚಳ ತೆರೆಯುತ್ತದೆ. ಹೆಡ್‌ಲ್ಯಾಂಪಿನ ಬ್ಯಾಟರಿ ಒಳಜೇಬಿನಲ್ಲಿ.

ಇನ್ನು ಹಗ್ಗ. ಹಾರ್ನೆಸ್‌ನಿಂದ (ಸೊಂಟ, ತೊಡೆಗೆ ಕಟ್ಟುವ ಪಟ್ಟಿ) ಎರಡು ದಾರ: ಒಂದಕ್ಕೆ ಜುಮಾರ್, ಇನ್ನೊಂದಕ್ಕೆ ಲಾಕ್ ಇರುವ ಕ್ಯಾರಬೀನರ್ (ತೆರೆದು ಮುಚ್ಚುವ ಲೋಹದ ಕೊಂಡಿ). ಹಗ್ಗವನ್ನು ಹಿಮಕ್ಕೆ ಬಿಗಿದಿರುವ ಆ್ಯಂಕರ್ ಸಿಕ್ಕಾಗ ಮೊದಲು ಕ್ಯಾರಬೀನರ್ ಆಚೆಯ ಹಗ್ಗಕ್ಕೆ ಹೋಗಬೇಕು, ಆಮೇಲೆ ಜುಮಾರ್. ಎರಡೂ ಒಟ್ಟಿಗೆ ಹಗ್ಗ ಬಿಟ್ಟಿರುವ ಗಳಿಗೆ ಇರಕೂಡದು. ಜುಮಾರಿನ ದಾರ ಉದ್ದವಾದರೆ ಜೋತುಬಿದ್ದಾಗ ಅದು ಕೈಗೆಟುಕುವುದಿಲ್ಲ. ಮೊಣಕೈ ತುಸು ಮಡಚಿರುವಷ್ಟೇ ಉದ್ದ ಸಾಕು.

ಇಳಿಯುವಾಗ ಹಗ್ಗದ ವೇಗ ತಡೆಯುವ, ಎಂಟರ ಆಕಾರದ ಲೋಹದ ಸಾಧನ ಫಿಗರ್ ಎಂಟು ಕೈಜಾರಿ ಹೋಗುವ ಸಂಭವ ಹೆಚ್ಚು. ಅದರ ದೊಡ್ಡ ಕಣ್ಣನ್ನೇ ಕ್ಯಾರಬೀನರ್‌ಗೆ ಸಿಕ್ಕಿಸಿ ಇಟ್ಟುಕೊಳ್ಳಿ. ಹಗ್ಗದ ಮಡಿಕೆಯನ್ನು ದೊಡ್ಡ ಕಣ್ಣಿನೊಳಗೆ ತೂರಿಸಿ, ಸಣ್ಣ ಕಣ್ಣಿನ ಮೇಲಿಂದ ಕುತ್ತಿಗೆಗೆ ಇಳಿಸಿ. ಈಗ ಹಗ್ಗವೇ ಅದನ್ನು ಹಿಡಿದಿರುತ್ತದೆ; ದೊಡ್ಡ ಕಣ್ಣು ಬಿಡಿಸಿ, ಸಣ್ಣ ಕಣ್ಣನ್ನು ಸಿಕ್ಕಿಸಿ ಲಾಕ್ ತಿರುಗಿಸಿ. ಇಷ್ಟಾದ ಮೇಲೆ, ಭಾರ ಹಾಕುವ ಮೊದಲು, ಶೆರ್ಪಾ ಒಮ್ಮೆ ಎಳೆದು ನೋಡಲಿ.