ಯಾವುದನ್ನು ಬಿಡಲಿ? ಮರಗಸಿಯಿಂದ ನಾನು ಕಲಿತದ್ದು

2010ರ ಮೇ ತಿಂಗಳ ಒಂದು ಬೆಳಿಗ್ಗೆ, ಮೂಡಿಗೆರೆ ತಾಲ್ಲೂಕಿನಲ್ಲಿರುವ ನಮ್ಮ ಒಂಬತ್ತು ಎಕರೆ ಕಾಫಿ ತೋಟದ ಹಳೆಯ ಹಲಸಿನ ಮರವೊಂದರ ಕವಲಿನಲ್ಲಿ ನಿಂತು, ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ತೆಳುಗೊಳಿಸುವ ಕೆಲಸ, ಮಾಡುವ ಅಣ್ಣ ಕೆಳಗಿದ್ದ ನನ್ನನ್ನು ಕೇಳಿದರು: “ಯಾವ್ದು ಬಿಡ್ಲಿ ಅಮ್ಮ?” ಅಪ್ಪ ತೀರಿಕೊಂಡು ಐದು ತಿಂಗಳಾಗಿತ್ತು. ಅಲ್ಲಿಯವರೆಗೆ ಈ ಪ್ರಶ್ನೆಗೆ ಉತ್ತರ ಕೊಡುತ್ತಿದ್ದವರು ಅವರು. ನಾನು ಹಾಸನದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದೆ. ಆಯ್ಕೆ ಎಂದರೇನು, ಒಂದನ್ನು ಪಡೆಯಲು ಬಿಟ್ಟುಕೊಡುವ ಇನ್ನೊಂದರ ಬೆಲೆ ಎಷ್ಟು ಎಂಬುದರ ಬಗ್ಗೆ ತರಗತಿಯಲ್ಲಿ ವರ್ಷಕ್ಕೆ ಹತ್ತಾರು ಗಂಟೆ ಮಾತನಾಡುತ್ತಿದ್ದ ನನಗೆ, ಕತ್ತಿ ಹಿಡಿದು ಕಾಯುತ್ತಿದ್ದ ಆ ಮನುಷ್ಯರಿಗೆ ಹೇಳಲು ಒಂದು ಮಾತೂ ಹೊಳೆಯಲಿಲ್ಲ.

ನಮ್ಮ ಭಾಷೆಯ ‘ಬಿಡು’ ಎಂಬ ಕ್ರಿಯಾಪದವನ್ನು ನಾನು ಗಮನವಿಟ್ಟು ಕೇಳಿಸಿಕೊಂಡದ್ದು ಅಂದೇ. ಮರಗಸಿಯವರ ಬಾಯಲ್ಲಿ ಬಿಡುವುದೆಂದರೆ ಉಳಿಸುವುದು. ಕಡಿಯದೆ ಬಿಟ್ಟ ಕೊಂಬೆಯೇ ಬದುಕುವ ಕೊಂಬೆ. ಮನೆಯೊಳಗೆ ಬಿಡುವುದೆಂದರೆ ತೊರೆಯುವುದು: ಊರು ಬಿಟ್ಟರು, ಕೆಲಸ ಬಿಟ್ಟರು. ಮರದ ವಿಷಯಕ್ಕೆ ಬಂದರೆ ಹೂ ಬಿಡುತ್ತದೆ, ಕಾಯಿ ಬಿಡುತ್ತದೆ, ಚಿಗುರು ಬಿಡುತ್ತದೆ. ಉಳಿಸುವುದು, ತೊರೆಯುವುದು, ಫಲಿಸುವುದು ಈ ಮೂರಕ್ಕೂ ಒಂದೇ ಮಾತು ಸಾಕೆಂದು ಹಿಂದಿನವರಿಗೆ ಅನ್ನಿಸಿದ್ದೇಕೆ ಎಂಬುದು ಮುಂದಿನ ಹತ್ತು ವರ್ಷಗಳ ಕೆಲಸದಲ್ಲಿ ನನಗೆ ಸ್ವಲ್ಪ ಸ್ವಲ್ಪವಾಗಿ ಅರ್ಥವಾಯಿತು.

ಕಾಫಿ ಸೀಮೆಯ ಹೊರಗಿನ ಓದುಗರಿಗಾಗಿ ಒಂದು ವಿವರಣೆ ಬೇಕು. ನಮ್ಮಲ್ಲಿ ಅರೇಬಿಕಾ ಕಾಫಿ ಬೆಳೆಯುವುದು ನೆರಳಿನಲ್ಲಿ. ಕೆಳಗಿನ ಹಂತದಲ್ಲಿ ಹಾಲುವಾಣ, ಮೇಲಿನ ಹಂತದಲ್ಲಿ ಅತ್ತಿ, ಹಲಸು, ನಂದಿ, ಮತ್ತಿ, ಹೊನ್ನೆ, ಬೀಟೆ ಮೊದಲಾದ ಕಾಡುಮರಗಳು ಕೊಡೆ ಹಿಡಿಯುತ್ತವೆ. ನೆರಳು ಹೆಚ್ಚಾದರೆ ಗಿಡ ಹೂ ಬಿಡುವುದಿಲ್ಲ, ಮಳೆಗಾಲದಲ್ಲಿ ಕೊಳೆ ರೋಗ ಬರುತ್ತದೆ. ಕಡಿಮೆಯಾದರೆ ಬಿಸಿಲಿಗೆ ಗಿಡ ಸೋಲುತ್ತದೆ. ಆದ್ದರಿಂದ ಕಾಫಿಯ ಹೂ ಅರಳಿಸುವ ಹೂಮಳೆ ಬಿದ್ದ ಮೇಲೆ, ಮುಂಗಾರು ಹಿಡಿಯುವುದರೊಳಗೆ ಮರ ಹತ್ತಿ ಕೊಂಬೆಗಳನ್ನು ತೆಳುಗೊಳಿಸುತ್ತಾರೆ. ಅದೇ ಮರಗಸಿ. ಮರ ಕಡಿಯುವುದಕ್ಕೂ ಮರಗಸಿಗೂ ಇರುವ ದೂರ ಬಹಳ. ಎಷ್ಟು ಬೆಳಕು ನೆಲಕ್ಕೆ ಬೀಳಬೇಕು ಎಂಬುದನ್ನು ಕೊಂಬೆಯಿಂದ ಕೊಂಬೆಗೆ ನಿರ್ಧರಿಸುತ್ತಾ ಹೋಗುವ ಕೆಲಸವದು.

ಮೊದಲ ವರ್ಷ ನಾನು ಮಾಡಿದ ತಪ್ಪನ್ನು ಮೊದಲು ಹೇಳಬೇಕು. ಬೆಳಕು ಹೆಚ್ಚಿದರೆ ಫಸಲು ಹೆಚ್ಚುತ್ತದೆ ಎಂಬ ಅರ್ಧ ಸತ್ಯವನ್ನು ನಂಬಿ, ಹಳ್ಳದ ಕಡೆಗಿನ ಎರಡು ಎಕರೆಯ ಪಟ್ಟಿಯಲ್ಲಿ ಮೇಲಿನ ನೆರಳನ್ನು ಒಂದೇ ಸಲಕ್ಕೆ ಅರ್ಧಕ್ಕಿಂತ ಹೆಚ್ಚು ತೆಗೆಸಿದೆ. ಅಣ್ಣ ಎರಡು ಬಾರಿ “ಸಾಕಲ್ವಾ ಅಮ್ಮ” ಎಂದರು, ನಾನು ಸಾಕೆನ್ನಲಿಲ್ಲ. ಮರುವರ್ಷ ನಿಜವಾಗಿಯೂ ಹೂ ಚೆನ್ನಾಗಿ ಬಂತು, ಮತ್ತು ನಾನು ಅದನ್ನು ನನ್ನ ನಿರ್ಧಾರಕ್ಕೆ ಸಿಕ್ಕ ಒಪ್ಪಿಗೆ ಎಂದುಕೊಂಡೆ. ಆದರೆ ಬಿಳಿ ಕಾಂಡಕೊರಕ ಎಂಬ ದುಂಬಿ ಹುಡುಕುವುದು ಬಿಸಿಲು ಬೀಳುವ ಕಾಂಡವನ್ನೇ. ಏಪ್ರಿಲ್–ಮೇ ತಿಂಗಳಲ್ಲೊಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಮ್ಮೆ ಅದು ಹಾರಾಡಿ ತೊಗಟೆಯ ಬಿರುಕುಗಳಲ್ಲಿ ಮೊಟ್ಟೆ ಇಡುತ್ತದೆ. ಹುಳು ಕಾಂಡದೊಳಗೆ ಸುರಂಗ ಕೊರೆಯುತ್ತಿರುವಾಗ ಹೊರಗೆ ಕಾಣುವುದು ಹಳದಿಯಾದ ಒಂದೆರಡು ಎಲೆ, ಕಾಂಡದ ಮೇಲೆ ಬೆರಳಿಗೆ ತಗಲುವ ಸಣ್ಣ ಏಣು, ಅಷ್ಟೇ. 2011ರ ಕೊನೆಯಿಂದ 2013ರವರೆಗೆ ಆ ಪಟ್ಟಿಯಲ್ಲಿ ಅಪ್ಪ ನೆಟ್ಟಿದ್ದ ಎಸ್. 795 ತಳಿಯ ಆರುನೂರಕ್ಕೂ ಹೆಚ್ಚು ಗಿಡಗಳನ್ನು ಕಿತ್ತು ಸುಟ್ಟೆವು. ಆ ಬೆಂಕಿಯ ಮುಂದೆ ನಿಂತಾಗ ಆದ ಸಂಕಟವನ್ನು ನಾನು ಇಂದಿಗೂ ಸಲೀಸಾಗಿ ಹೇಳಲಾರೆ.

ಒಂದು ನಿರ್ಧಾರದ ಮೊದಲ ಫಲವನ್ನು ನೋಡಿ ಅದು ಸರಿಯೋ ತಪ್ಪೋ ಎಂದು ಹೇಳುವುದನ್ನು ನಾನು ಅಂದಿನಿಂದ ಬಿಟ್ಟಿದ್ದೇನೆ. ನೆರಳು ತೆಗೆದದ್ದಕ್ಕೆ ಹೂ ಉತ್ತರ ಕೊಟ್ಟದ್ದು ಹತ್ತು ತಿಂಗಳಲ್ಲಿ, ಹುಳು ಉತ್ತರ ಕೊಟ್ಟದ್ದು ಎರಡು ವರ್ಷದಲ್ಲಿ. ಮತ್ತೆ ನೆರಳು ಬೇಕೆಂದು ಜೂನ್ ಮಳೆಗೆ ಹಾಲುವಾಣದ ಗೂಟ ನೆಟ್ಟರೆ ಅದೇನೋ ಬೇಗ ಚಿಗುರುತ್ತದೆ. ಹಲಸು, ಹೊನ್ನೆಗಳ ಸಸಿ ಕೊಡೆ ಹಿಡಿಯುವಷ್ಟು ಆಗಲು ಹತ್ತು ವರ್ಷವಾದರೂ ಬೇಕು. ಕೊಂಬೆ ಕಡಿಯಲು ಹತ್ತು ನಿಮಿಷ ಸಾಕು. ಈ ಅಳತೆಯ ವ್ಯತ್ಯಾಸವೇ ನನ್ನನ್ನು ನಿಧಾನಗೊಳಿಸಿತು.

ಈಗ ನಾನು ಅನುಸರಿಸುವ ಕ್ರಮ ಹೀಗಿದೆ. ಫೆಬ್ರವರಿಯಲ್ಲಿ, ಎಲೆ ಉದುರಿಸುವ ಮರಗಳು ಬೋಳಾಗಿರುವಾಗ, ಅವುಗಳ ಹಂದರ ಸ್ಪಷ್ಟವಾಗಿ ಕಾಣುವ ಹೊತ್ತಿನಲ್ಲಿ ಒಂದು ಸುತ್ತು ಹೋಗಿ, ತೆಗೆಯಬೇಕೆನ್ನಿಸಿದ ಕೊಂಬೆ ಯಾವ ಮರದಲ್ಲಿ ಯಾವ ದಿಕ್ಕಿಗಿದೆ ಎಂದು ಬುಡದಲ್ಲಿ ಸುಣ್ಣದಿಂದ ಗುರುತು ಹಾಕುತ್ತೇನೆ. ಹೂಮಳೆಯ ನಂತರ, ಮರಗಳು ತಳಿರು ತುಂಬಿಕೊಂಡ ಮೇಲೆ, ಅದೇ ಮರಗಳ ಕೆಳಗೆ ಮಧ್ಯಾಹ್ನ ನಿಂತು ನೆಲದ ಮೇಲಿನ ಬಿಸಿಲಿನ ಮಚ್ಚೆಗಳನ್ನು ನೋಡುತ್ತೇನೆ. ಎರಡನೆಯ ಸುತ್ತಿನಲ್ಲಿ ಮೂರರಲ್ಲಿ ಒಂದು ಗುರುತನ್ನಾದರೂ ಅಳಿಸುತ್ತೇನೆ. ಬೋಳು ಮರವನ್ನು ನೋಡಿ ಮಾಡಿದ ತೀರ್ಮಾನವನ್ನು ಎಲೆ ತುಂಬಿದ ಮರದ ಕೆಳಗೆ ಮತ್ತೊಮ್ಮೆ ಪರೀಕ್ಷಿಸದೆ ಯಾರನ್ನೂ ಮರ ಹತ್ತಿಸುವುದಿಲ್ಲ. ಮನೆಯ ದೊಡ್ಡ ವಿಷಯಗಳಲ್ಲೂ ಇದೇ ರೂಢಿಯಾಗಿದೆ: ಕೊರತೆಯ ದಿನಗಳಲ್ಲಿ ತೋಚಿದ್ದನ್ನು ಬರೆದಿಟ್ಟು, ಸ್ವಲ್ಪ ನೆಮ್ಮದಿಯ ದಿನಗಳಲ್ಲಿ ಮತ್ತೆ ಓದುತ್ತೇನೆ.

ಕಡಿಯುವ ಜಾಗದ ಬಗ್ಗೆ ಹೇಳುವುದು ಇನ್ನೂ ಮುಖ್ಯ. ಕಾಂಡಕೊರಕದ ಸಂಕಟದ ದಿನಗಳಲ್ಲಿ ಬಾಳೆಹೊನ್ನೂರಿನ ಬಳಿ 1925ರಲ್ಲಿ ಸ್ಥಾಪನೆಯಾದ ಕಾಫಿ ಸಂಶೋಧನಾ ಕೇಂದ್ರಕ್ಕೆ ಹೋಗಿ ಬಂದ ಮೇಲೆ ನಾನು ಮರಗಳ ಬಗ್ಗೆ ಓದತೊಡಗಿದೆ. ಅಮೆರಿಕದ ಅರಣ್ಯ ವಿಜ್ಞಾನಿ ಅಲೆಕ್ಸ್ ಶೈಗೊ ಯಂತ್ರಗರಗಸದಿಂದ ಸಾವಿರಾರು ಮರಗಳನ್ನು ಸೀಳಿ ನೋಡಿ, ಗಾಯಗೊಂಡ ಮರದೊಳಗೆ ಏನಾಗುತ್ತದೆ ಎಂಬುದನ್ನು 1977ರಲ್ಲಿ ವಿವರಿಸಿದ್ದರು. ನಮ್ಮ ಚರ್ಮದ ಗಾಯ ಮಾಯುವಂತೆ ಮರದ ಗಾಯ ಮಾಯುವುದಿಲ್ಲ. ಮರ ಗಾಯದ ಸುತ್ತ ಒಳಗೊಳಗೇ ಗೋಡೆ ಕಟ್ಟಿ, ಕೊಳೆತ ಹರಡದಂತೆ ತಡೆದು, ಹೊರಗಿನಿಂದ ಹೊಸ ಪದರವನ್ನು ಬೆಳೆಸಿ ಮುಚ್ಚುತ್ತದೆ. ಕೆಟ್ಟ ಭಾಗ ಒಳಗೆ ಹಾಗೆಯೇ ಇರುತ್ತದೆ, ಕೊನೆಯವರೆಗೂ. ಆಗಿಹೋದದ್ದನ್ನು ಇಲ್ಲವಾಗಿಸುವ ಶಕ್ತಿ ಮರಕ್ಕಿಲ್ಲ. ಅದನ್ನು ಒಳಗಿಟ್ಟುಕೊಂಡೇ ದಪ್ಪವಾಗುವ ಶಕ್ತಿಯಿದೆ. ಆರುನೂರು ಗಿಡಗಳ ವಿಷಯದಲ್ಲಿ ನನಗೆ ಸಮಾಧಾನ ಸಿಕ್ಕಿದ್ದರೆ ಅದು ಈ ತಿಳಿವಳಿಕೆಯಿಂದ.

ಕೊಂಬೆ ಕಾಂಡಕ್ಕೆ ಸೇರುವಲ್ಲಿ ಉಂಗುರದಂಥ ಒಂದು ಉಬ್ಬು ಇರುತ್ತದೆ. ಗಾಯವನ್ನು ಮುಚ್ಚುವ ಶಕ್ತಿ ಇರುವುದು ಆ ಉಬ್ಬಿನಲ್ಲಿ. ಕಾಂಡಕ್ಕೆ ಸಮನಾಗಿ ಕಡಿದರೆ ಉಬ್ಬೂ ಹೋಗಿ ದೊಡ್ಡ ಗಾಯವಾಗುತ್ತದೆ. ದೂರದಲ್ಲಿ ಕಡಿದು ಗೇಣುದ್ದ ಮೋಟು ಉಳಿಸಿದರೆ, ಆ ಮೋಟು ಬದುಕುವುದೂ ಇಲ್ಲ, ತೊಗಟೆ ಮುಚ್ಚಿಕೊಳ್ಳಲು ಬಿಡುವುದೂ ಇಲ್ಲ. ಒಣಗಿ, ನೀರು ಕುಡಿದು, ಕೊಳೆತವನ್ನು ನೇರವಾಗಿ ಮರದೊಳಕ್ಕೆ ಒಯ್ಯುತ್ತದೆ. ದೊಡ್ಡ ಕೊಂಬೆಯಾದರೆ ಮೊದಲು ಕೆಳಗಿನಿಂದ ಸ್ವಲ್ಪ ಕೊಯ್ದು, ಅದಕ್ಕಿಂತ ಹೊರಗೆ ಮೇಲಿನಿಂದ ಕತ್ತರಿಸಿ ಭಾರ ಇಳಿಸಿ, ಕೊನೆಗೆ ಉಬ್ಬಿನ ಅಂಚಿನಲ್ಲಿ ಮೋಟನ್ನು ತೆಗೆಯಬೇಕು. ಹಾಗೆ ಮಾಡದಿದ್ದರೆ ಬೀಳುವ ಕೊಂಬೆ ಕಾಂಡದ ತೊಗಟೆಯನ್ನು ಉದ್ದಕ್ಕೆ ಸುಲಿದುಕೊಂಡು ಹೋಗುತ್ತದೆ. ಕತ್ತಿಯ ಜೊತೆಗೆ ಕೈಗರಗಸವನ್ನೂ ಒಯ್ಯುವಂತೆ ಅಣ್ಣನನ್ನು ಒಪ್ಪಿಸಲು ನನಗೆ ಎರಡು ಮರಗಸಿ ಬೇಕಾದವು. ಈಗ ಅವರೇ ಹೊಸಬರಿಗೆ ಉಬ್ಬನ್ನು ಮುಟ್ಟಿ ತೋರಿಸುತ್ತಾರೆ.

ನನ್ನ ಬದುಕಿನ ಮೋಟು ನನಗೆ ಕಂಡದ್ದು ಈ ಕೆಲಸ ಕಲಿಯುತ್ತಿರುವಾಗಲೇ. ತೋಟವನ್ನೂ ಕಾಲೇಜನ್ನೂ ಒಟ್ಟಿಗೆ ನಡೆಸುತ್ತೇನೆಂದು ಮೂರು ವರ್ಷ ಪ್ರತಿ ಶನಿವಾರ ಹಾಸನದಿಂದ ಬೇಲೂರಿನ ಮೇಲೆ ಬಸ್ಸು ಹಿಡಿದು ಬರುತ್ತಿದ್ದೆ. ಕಾಂಡಕೊರಕ ಹೆಚ್ಚಾದಾಗ ವೇತನರಹಿತ ರಜೆ ತೆಗೆದುಕೊಂಡೆ, ಮುಗಿದ ಮೇಲೆ ಮತ್ತೆ ಮುಂದುವರಿಸಿದೆ. ಕೆಲಸ ಬಿಟ್ಟಿರಲಿಲ್ಲ, ಮಾಡುತ್ತಲೂ ಇರಲಿಲ್ಲ. ನನ್ನ ಪಾಠಗಳನ್ನು ಅತಿಥಿ ಉಪನ್ಯಾಸಕರೊಬ್ಬರು, ತಮ್ಮ ಕೆಲಸ ಎಷ್ಟು ದಿನ ಎಂದು ತಿಳಿಯದೆ, ನಡೆಸುತ್ತಿದ್ದರು. ತೋಟದಲ್ಲಿ ಯಾವ ದೀರ್ಘ ಯೋಜನೆಗೂ ನಾನು ಕೈಹಾಕುತ್ತಿರಲಿಲ್ಲ, ಏಕೆಂದರೆ ಹೇಗಿದ್ದರೂ ಹಿಂತಿರುಗಬಹುದಲ್ಲ ಎಂಬ ದಾರಿ ತೆರೆದಿತ್ತು. ಆ ದಾರಿಯೇ ನನ್ನ ಸುರಕ್ಷತೆ ಎಂದು ನಾನು ತಿಳಿದಿದ್ದೆ. ಮೋಟು ಉಳಿಸುವವರೂ ಹಾಗೆಯೇ ತಿಳಿದಿರುತ್ತಾರೆ: ಸ್ವಲ್ಪ ಇರಲಿ, ಚಿಗುರಿದರೂ ಚಿಗುರೀತು.

ಬಿಡಬೇಕೆಂದು ನಿಶ್ಚಯಿಸಿದ ಮೇಲೂ ಹೇಗೆ ಬಿಡಬೇಕೆಂಬ ಪ್ರಶ್ನೆ ಉಳಿದಿತ್ತು. ಅದಕ್ಕೆ ದಾರಿ ತೋರಿಸಿದ್ದು ಮನೆ ಹಿಂದಿನ ನಂದಿ ಮರ. ಬೇಸಿಗೆಗೆ ಮುನ್ನ ಅದು ಎಲೆ ಬಿಡುವಾಗ ಸುಮ್ಮನೆ ಉದುರಿಸುವುದಿಲ್ಲ. ಎಲೆಯಲ್ಲಿರುವ ಸಾರಜನಕ, ರಂಜಕಗಳಲ್ಲಿ ಸಾಧ್ಯವಾದಷ್ಟನ್ನು ಹಿಂದಕ್ಕೆ ಎಳೆದುಕೊಂಡು, ತೊಟ್ಟಿನ ಬುಡದಲ್ಲಿ ಒಂದು ಪದರ ಕಟ್ಟಿ, ಆಮೇಲೆ ಎಲೆಯನ್ನು ಕಳಚುತ್ತದೆ. ಗಾಳಿಗೆ ಮುರಿದು ನೇತಾಡುವ ಕೊಂಬೆಯನ್ನು ನೋಡಿ: ಅದರ ಎಲೆಗಳು ಒಣಗಿ ಕಂದಾದರೂ ತಿಂಗಳುಗಟ್ಟಲೆ ಉದುರದೆ ಅಂಟಿಕೊಂಡಿರುತ್ತವೆ, ಏಕೆಂದರೆ ಆ ಪದರ ಕಟ್ಟಲು ಜೀವಂತ ಕೊಂಬೆಯೇ ಬೇಕು. ಕಳಚಿಕೊಳ್ಳುವುದು ಬದುಕಿರುವ ಅಂಗ ಮಾಡುವ ಕೆಲಸ ಎಂಬುದು ನನಗೆ ದೊಡ್ಡ ಅರಿವು. 2014ರ ಜೂನ್‌ನಲ್ಲಿ ನಾನು ರಜೆ ಮುಗಿಸಿ ಕಾಲೇಜಿಗೆ ಮರಳಿ, ಒಂದು ವರ್ಷ ಪೂರ್ಣ ಮನಸ್ಸಿನಿಂದ ಪಾಠ ಮಾಡಿ, ನನ್ನ ಟಿಪ್ಪಣಿಗಳನ್ನೆಲ್ಲ ಆ ಉಪನ್ಯಾಸಕರಿಗೆ ಒಪ್ಪಿಸಿ, 2015ರ ಮೇ ತಿಂಗಳಲ್ಲಿ ರಾಜೀನಾಮೆ ಕೊಟ್ಟೆ. ತೋಟಕ್ಕೆ ಬೇಕಾದದ್ದನ್ನೂ ಆ ವರ್ಷದಲ್ಲೇ ಕೂಡಿಸಿಕೊಂಡೆ: ಉಳಿತಾಯ ಮಾಡಿದ ಸಂಬಳ, ಲೆಕ್ಕ ಬರೆಯುವ ಶಿಸ್ತು, ಪ್ರಶ್ನೆ ಕೇಳಿದವರಿಗೆ ತಾಳ್ಮೆಯಿಂದ ಉತ್ತರಿಸುವ ಅಭ್ಯಾಸ.

ಎಲ್ಲ ಆಯ್ಕೆಗಳೂ ಇಷ್ಟು ಅವಕಾಶ ಕೊಡುವುದಿಲ್ಲ. ಕಾಫಿ ಗಿಡವನ್ನೇ ನೋಡಬಹುದು. ನೇರ ಕಾಂಡದ ಪ್ರತಿ ಎಲೆಯ ಕಂಕುಳಲ್ಲಿ ಅಡ್ಡ ರೆಂಬೆಯಾಗಬಲ್ಲ ಮೊಗ್ಗು ಒಂದೇ ಇರುತ್ತದೆ. ಆ ರೆಂಬೆ ಮುರಿದರೆ ಅದೇ ಗಿಣ್ಣಿನಲ್ಲಿ ಇನ್ನೊಂದು ಅಡ್ಡ ರೆಂಬೆ ಹುಟ್ಟುವುದಿಲ್ಲ. ಹುಟ್ಟುವುದು ನೆಟ್ಟಗೆ ಮೇಲೇಳುವ ಕಂಬಚಿಗುರು ಮಾತ್ರ. ಅಡಿಕೆ, ತೆಂಗುಗಳದ್ದು ಇನ್ನೂ ಕಠಿಣ ಸ್ಥಿತಿ: ಸುಳಿ ಒಂದೇ, ಅದು ಹೋದರೆ ಮರವೇ ಹೋಯಿತು. ಹಲಸಿಗೆ ಮಾತ್ರ ಬುಡದಿಂದ ತುದಿಯವರೆಗೆ ಎಲ್ಲೆಂದರಲ್ಲಿ ಚಿಗುರುವ ಉದಾರತೆಯಿದೆ. ಹೀಗಾಗಿ ಸಲಹೆ ಕೇಳಿ ಬರುವ ಹಳೆಯ ವಿದ್ಯಾರ್ಥಿಗಳಿಗೆ ನಾನು ಮೊದಲು ಕೇಳುವುದು, ನಿನ್ನ ಕೈಯಲ್ಲಿರುವುದು ಹಲಸಿನ ಕೊಂಬೆಯೋ ಅಡಿಕೆಯ ಸುಳಿಯೋ ಎಂದು. ಕೆಲಸ, ಊರು, ವ್ಯಾಪಾರ ಇವು ಬಹುಪಾಲು ಹಲಸಿನ ಜಾತಿಯವು. ಆರೋಗ್ಯ, ಮಾತಿಗೆ ಸಿಗುವ ನಂಬಿಕೆ ಇವು ಸುಳಿಯಂಥವು. ಮರಗಳಿಗೆ ಮನಸ್ಸಿದೆ, ಅವು ಯೋಚಿಸಿ ಆರಿಸುತ್ತವೆ ಎಂದು ನಾನು ಹೇಳುತ್ತಿಲ್ಲ. ಅವುಗಳ ಜೊತೆ ಕೆಲಸ ಮಾಡುವಾಗ ನನ್ನ ಆಯ್ಕೆಗಳ ಆಕಾರ ನನಗೆ ಕಾಣಿಸುತ್ತದೆ, ಅಷ್ಟೇ.

ಸದ್ಯ ನಮ್ಮ ಮನೆಯಲ್ಲಿ ಮತ್ತೊಂದು ಚರ್ಚೆ ನಡೆಯುತ್ತಿದೆ. ಬೆಂಗಳೂರಿನಲ್ಲಿರುವ ತಮ್ಮ, ಹಳ್ಳದ ಪಟ್ಟಿಯ ಉಳಿದ ಕಾಡುಮರಗಳನ್ನು ಕ್ರಮೇಣ ತೆಗೆದು ಸಿಲ್ವರ್ ಓಕ್ ನೆಡೋಣ ಎನ್ನುತ್ತಾನೆ. ಅವನ ಮಾತಿನಲ್ಲಿ ಹುರುಳಿಲ್ಲವೆನ್ನಲಾರೆ. ಆಸ್ಟ್ರೇಲಿಯಾ ಮೂಲದ ಆ ಮರ ಬೇಗ ಬೆಳೆಯುತ್ತದೆ, ನೆಟ್ಟಗೆ ಹೋಗುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ಒದಗುತ್ತದೆ. 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಅದಕ್ಕೆ ವಿನಾಯಿತಿ ಇರುವುದರಿಂದ ಕಡಿದು ಮಾರಲು ನಂದಿ, ಬೀಟೆಗಳಿಗೆ ಬೇಕಾದಂತೆ ಅನುಮತಿಗಾಗಿ ಅಲೆಯಬೇಕಿಲ್ಲ. ಬೇಕಾದಾಗ ಹಣವಾಗುವ ಮರ ಒಂದು ಸಣ್ಣ ಹಿಡುವಳಿಗೆ ದೊಡ್ಡ ಧೈರ್ಯ. ಆದರೆ 2019ರ ಆಗಸ್ಟ್ ಮಳೆಯಲ್ಲಿ ನಮ್ಮ ತೋಟದಲ್ಲಿ ಮಣ್ಣು ಜಾರಿದ ಎರಡು ಜಾಗಗಳೂ ನಾನು 2010ರಲ್ಲಿ ಬೋಳು ಮಾಡಿದ ಪಟ್ಟಿಯಲ್ಲೇ ಇದ್ದವು. ಆ ಇಳಿಜಾರಿಗೆ ಬೇರೆ ಕಾರಣಗಳೂ ಇರಬಹುದು. ನನಗಂತೂ ಆ ದಡದಲ್ಲಿ ಇನ್ನೊಂದು ಮರ ಕೀಳಲು ಕೈ ಬರುವುದಿಲ್ಲ. ರಸ್ತೆಯಂಚಿನ ಮಟ್ಟಸ ನೆಲದಲ್ಲಿ ನಲವತ್ತು ಸಿಲ್ವರ್ ಓಕ್ ಸಸಿ ಹಾಕೋಣ, ಹಳ್ಳದ ಪಟ್ಟಿಯಲ್ಲಿ ಸುಣ್ಣದ ಗುರುತನ್ನಷ್ಟೇ ಹಾಕಿ ಎರಡು ಸುತ್ತು ನೋಡೋಣ ಎಂದು ಹೇಳಿದ್ದೇನೆ. ತಮ್ಮ ಯುಗಾದಿಗೆ ಬರುತ್ತಾನೆ. ಮರಗಳ ಕೆಳಗೆ ನಿಂತು ಮಾತನಾಡುವುದೆಂದು ಒಪ್ಪಿಕೊಂಡಿದ್ದೇವೆ.

ಅಂದು ಅಣ್ಣ ಹತ್ತಿ ನಿಂತಿದ್ದ ಹಲಸು ಈಗಲೂ ಇದೆ. ನನ್ನ ಅವಸರದಲ್ಲಿ ಕಡಿಸಿದ ಅದರ ದಪ್ಪ ಕೊಂಬೆಯ ಮೋಟನ್ನು 2015ರಲ್ಲಿ ಉಬ್ಬಿನ ತನಕ ಸರಿಯಾಗಿ ತೆಗೆಸಿದೆ. ಸುತ್ತಲಿನಿಂದ ಹೊಸ ತೊಗಟೆ ತುಟಿಯಂತೆ ಮಡಚಿಕೊಂಡು ಒಳಮುಖವಾಗಿ ಬರುತ್ತಿದೆ. ಪ್ರತಿ ವರ್ಷ ಮರಗಸಿಯ ಕೊನೆಯ ದಿನ ಅಣ್ಣ ಅಲ್ಲಿ ಬೆರಳಿಟ್ಟು ಅಳೆದು ಮೇಲಿನಿಂದಲೇ ಕೂಗಿ ಹೇಳುತ್ತಾರೆ. ಕಳೆದ ಮೇ ತಿಂಗಳಲ್ಲಿ ಇನ್ನೂ ನಾಲ್ಕು ಬೆರಳು ತೆರೆದಿತ್ತು.