ಹಿಡಿದ ಮೇಲೆ ಬಿಡುವುದು: ಕಬಡ್ಡಿಯಿಂದ ರಗ್ಬಿಗೆ ಬಂದ ನನ್ನ ಅನುಭವ

ಕಾರವಾರದಲ್ಲಿ ರಗ್ಬಿ ಆಡುತ್ತೇನೆಂದರೆ, ಅದು ಅಮೆರಿಕದವರು ಹೆಲ್ಮೆಟ್ ಹಾಕಿಕೊಂಡು ಆಡುವ ಆಟವೇ ಎಂದು ಹೆಚ್ಚಿನವರು ಕೇಳುತ್ತಾರೆ. ಅಲ್ಲ. ನಾನು ಆಡುವುದು, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ರಗ್ಬಿ ಯೂನಿಯನ್ ಎಂಬ ಆಟದ ಏಳು ಜನರ ರೂಪವಾದ ಸೆವೆನ್ಸ್. ಹದಿನೈದು ಜನರ ಆಟ ಎಂಬತ್ತು ನಿಮಿಷ ನಡೆದರೆ, ಇದು ಏಳೇಳು ನಿಮಿಷಗಳ ಎರಡು ಅವಧಿಯಲ್ಲಿ ಮುಗಿಯುತ್ತದೆ. ಆದರೆ ಮೈದಾನ ಮಾತ್ರ ಅಷ್ಟೇ ದೊಡ್ಡದು. 2016ರಲ್ಲಿ ರಗ್ಬಿ ಒಲಿಂಪಿಕ್ಸಿಗೆ ಮರಳಿದ್ದೂ ಇದೇ ರೂಪದಲ್ಲಿ.

ನಾನು ಬಂದದ್ದು ಕಬಡ್ಡಿಯಿಂದ. ಬಾಗಿ ನಿಲ್ಲುವುದು, ಎದುರಾಳಿಯ ಕಣ್ಣನ್ನು ನಂಬದೆ ಸೊಂಟದ ಚಲನೆಯನ್ನು ನೋಡುವುದು, ಬಿದ್ದರೂ ಮೈಗೆ ಪೆಟ್ಟಾಗದಂತೆ ಹೊರಳುವುದು, ಇವೆಲ್ಲ ಊರ ಅಂಗಳದಲ್ಲೇ ಕಲಿತದ್ದರಿಂದ ರಗ್ಬಿಯಲ್ಲಿ ಹೊಸದಾಗಿ ಕಲಿಯಬೇಕಾಗಲಿಲ್ಲ. ಬದಲಾಗಬೇಕಾದದ್ದು ಹಿಡಿತ. ಕಬಡ್ಡಿಯಲ್ಲಿ ಪಾದಕ್ಕೆ ಕೈ ಹಾಕಿದವನು ಶಿಳ್ಳೆ ಕೇಳುವವರೆಗೂ ಬಿಡುವುದಿಲ್ಲ. ರಗ್ಬಿಯಲ್ಲಿ ಎದುರಾಳಿಯನ್ನು ನೆಲಕ್ಕೆ ಕೆಡವಿದ ಕ್ಷಣವೇ ಅವನನ್ನು ಬಿಟ್ಟು ಏಳಬೇಕು, ಬಿಡದಿದ್ದರೆ ಪೆನಾಲ್ಟಿ. ಬಿದ್ದವನೂ ಚೆಂಡನ್ನು ಹಿಡಿದುಕೊಂಡೇ ಇರುವಂತಿಲ್ಲ. ಹೀಗಾಗಿ ಮೊದಲು ಎದ್ದು, ತನ್ನ ಕಾಲ ಮೇಲೆ ನಿಂತು, ತನ್ನ ತಂಡದ ಕಡೆಯಿಂದ ಚೆಂಡಿಗೆ ಕೈ ಹಾಕುವವನಿಗೆ ಅದು ದಕ್ಕುವ ಸಾಧ್ಯತೆ ಹೆಚ್ಚು. ತರಬೇತುದಾರರು ನನ್ನನ್ನು ತಂಡದಲ್ಲಿ ಉಳಿಸಿಕೊಂಡದ್ದು ನನ್ನ ಓಟಕ್ಕಾಗಿ ಅಲ್ಲ, ಬಿದ್ದಲ್ಲಿಂದ ಏಳುವ ಈ ವೇಗಕ್ಕಾಗಿ ಎಂದೇ ನನ್ನ ಅಂದಾಜು.

ಟ್ಯಾಕಲ್, ಅಂದರೆ ಚೆಂಡು ಹಿಡಿದು ಓಡುವವನನ್ನು ಹಿಡಿದು ಕೆಡವುವ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಗಾಯಗಳು ಹೆಚ್ಚಾಗುವುದು ಇಲ್ಲಿಯೇ. ಓಡಿ ಬರುವವನ ಹತ್ತಿರಕ್ಕೆ ಚಿಕ್ಕ ಚಿಕ್ಕ ಹೆಜ್ಜೆಯಲ್ಲಿ ಹೋಗಿ, ಕೊನೆಯ ಹೆಜ್ಜೆಯನ್ನು ಅವನ ಪಾದದ ಪಕ್ಕಕ್ಕೇ ಊರಬೇಕು. ಭುಜ ಅವನ ಸೊಂಟದ ಕೆಳಗೆ ತಾಗಬೇಕು, ಎರಡೂ ಕೈ ತೊಡೆಗಳನ್ನು ಬಳಸಿ ಬಿಗಿಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ ತಲೆ ಅವನ ದೇಹದ ಹಿಂಬದಿಗೆ ಇರಬೇಕು. ಮುಂದೆ ಸಿಕ್ಕಿದರೆ ಮೊಣಕಾಲು ನೇರವಾಗಿ ಕಪಾಲಕ್ಕೆ ಬಡಿಯುತ್ತದೆ. ಭುಜದ ಗೆರೆಗಿಂತ ಮೇಲೆ ಹಿಡಿದರೆ ಅದು ಅಪಾಯಕಾರಿ ಟ್ಯಾಕಲ್. ಸೆವೆನ್ಸಿನಲ್ಲಿ ಹಳದಿ ಕಾರ್ಡ್ ಸಿಕ್ಕಿದವನು ಎರಡು ನಿಮಿಷ ಹೊರಗಿರಬೇಕು. ಹದಿನಾಲ್ಕು ನಿಮಿಷದ ಆಟದಲ್ಲಿ ಆರು ಜನ ಅಷ್ಟು ದೊಡ್ಡ ಮೈದಾನವನ್ನು ಕಾಯುವುದೆಂದರೆ ಬಾಗಿಲು ತೆರೆದಿಟ್ಟು ಮನೆ ಕಾದಂತೆ.

ಅಭ್ಯಾಸಕ್ಕೆ ನಮಗಿರುವ ದೊಡ್ಡ ಆಸ್ತಿಯೆಂದರೆ ಟಾಗೋರ್ ಕಡಲತೀರ. ಸಮುದ್ರ ಇಳಿತದಲ್ಲಿರುವಾಗ ನೀರಂಚಿನ ಹಸಿ ಮರಳು ಗಟ್ಟಿಯಾಗಿ ಓಟಕ್ಕೆ ಒದಗುತ್ತದೆ, ಮೇಲಿನ ಒಣ ಮರಳು ಬೀಳಲು ಮೆತ್ತಗಿರುತ್ತದೆ. ಆದ್ದರಿಂದ ನನ್ನ ದಿನಚರಿಯನ್ನು ಗಡಿಯಾರಕ್ಕಿಂತ ಭರತ ಇಳಿತಗಳೇ ನಿರ್ಧರಿಸುತ್ತವೆ. ಮಳೆಗಾಲದಲ್ಲಿ ಅಲೆಗಳು ತೀರವನ್ನೇ ತಿನ್ನುವುದರಿಂದ ಶಾಲೆಯ ಕೆಸರು ಮೈದಾನಕ್ಕೆ ಹೋಗುತ್ತೇವೆ. ಒದ್ದೆ ಚೆಂಡನ್ನು ತಿರುಗಿಸಿ ದೂರಕ್ಕೆ ಎಸೆಯುವ ಪಾಸ್ ಆಗ ಕೈ ಕೊಡುತ್ತದೆ. ಹತ್ತಿರ ನಿಂತು ಮೆಲ್ಲಗೆ ಎತ್ತಿ ಕೊಡುವುದನ್ನು ನಾನು ಕಲಿತದ್ದು ಆ ಕೆಸರಿನಲ್ಲಿಯೇ. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ ಎಂಬ ನಿಯಮ ಇರುವುದರಿಂದ, ಜೊತೆಗಾರ ಸದಾ ಹಿಂದೆಯೇ ಇರುತ್ತಾನೆ ಮತ್ತು ಕಣ್ಣಿಗಿಂತ ಅವನ ಕೂಗನ್ನು ನಂಬಬೇಕಾಗುತ್ತದೆ.

ಇನ್ನು ಹಣದ ಮಾತು. ಜಗತ್ತಿನ ಮಟ್ಟದಲ್ಲಿ ರಗ್ಬಿ ಯೂನಿಯನ್ ಅಧಿಕೃತವಾಗಿ ವೃತ್ತಿಪರವಾದದ್ದೇ 1995ರಲ್ಲಿ. ನಮ್ಮ ದೇಶದಲ್ಲಿ ನಗರ, ಪ್ರದೇಶಗಳ ಹೆಸರಿನ ತಂಡಗಳಿರುವ ರಗ್ಬಿ ಪ್ರೀಮಿಯರ್ ಲೀಗ್ ಮೊದಲ ಬಾರಿಗೆ ನಡೆದದ್ದು 2025ರ ಜೂನ್‌ನಲ್ಲಿ, ಮುಂಬೈಯ ಅಂಧೇರಿಯಲ್ಲಿ. ಆರು ತಂಡಗಳಿದ್ದವು, ಬೆಂಗಳೂರಿನದೂ ಒಂದು; ಚೆನ್ನೈ ತಂಡ ಗೆದ್ದಿತು. ಇಡೀ ಲೀಗ್ ಎರಡು ವಾರಗಳಲ್ಲಿ ಮುಗಿಯಿತು. ನಾನಿನ್ನೂ ಆ ಲೀಗಿನ ಬಾಗಿಲು ತಟ್ಟುತ್ತಿರುವವನು. ಕ್ಲಬ್ಬಿನಿಂದ ಸಿಗುವ ಪಂದ್ಯದ ಹಣ ಪ್ರಯಾಣಕ್ಕೆ, ಹಲ್ಲಿನ ರಕ್ಷಾಕವಚಕ್ಕೆ ಮತ್ತು ಸ್ಟಡ್ ಬೂಟಿಗೆ ಸರಿಹೋಗುತ್ತದೆ. ಉಳಿದ ದಿನಗಳಲ್ಲಿ ಮಕ್ಕಳಿಗೆ ವ್ಯಾಯಾಮ ಕಲಿಸುತ್ತೇನೆ, ದೋಣಿಗಳು ಬಂದಾಗ ಬೈತಖೋಲ ಬಂದರಿನಲ್ಲಿ ಅಪ್ಪನ ಜೊತೆ ಮೀನಿನ ಬುಟ್ಟಿ ಇಳಿಸುತ್ತೇನೆ. ಅದನ್ನು ಜಿಮ್ಮಿಗೆ ಬದಲಿ ಎಂದು ಹೊಗಳುವವರಿದ್ದಾರೆ. ನನಗೆ ಹಾಗೆನಿಸುವುದಿಲ್ಲ, ಬೆನ್ನು ದಣಿದ ದಿನ ಟ್ಯಾಕಲ್ ಅಭ್ಯಾಸ ಮಾಡದಿರುವುದೇ ಲೇಸು.

ಈಗ ನಾನು ಹಠ ಹಿಡಿದು ಕಲಿಯುತ್ತಿರುವುದು ಡ್ರಾಪ್ ಕಿಕ್. ಸೆವೆನ್ಸಿನಲ್ಲಿ ಟ್ರೈಗೆ, ಅಂದರೆ ಚೆಂಡನ್ನು ಎದುರಾಳಿಯ ಗೋಲು ಗೆರೆಯಾಚೆ ನೆಲಕ್ಕೆ ಮುಟ್ಟಿಸಿದ್ದಕ್ಕೆ ಐದು ಅಂಕ, ನಂತರ ಗೋಲು ಕಂಬಗಳ ನಡುವೆ ಒದೆಯುವ ಕನ್ವರ್ಷನ್ನಿಗೆ ಎರಡು; ಆ ಎರಡಂಕಕ್ಕಾಗಿ ಚೆಂಡನ್ನು ನೆಲದಲ್ಲಿಟ್ಟು ಒದೆಯುವಂತಿಲ್ಲ, ಕೈಯಿಂದ ಬಿಟ್ಟು ಅದು ನೆಲ ಮುಟ್ಟಿ ಪುಟಿಯುವಾಗಲೇ ಒದೆಯಬೇಕು. ಮರಳಿನ ಮೇಲೆ ಚೆಂಡು ಪುಟಿಯುವುದಿಲ್ಲವಾದ್ದರಿಂದ ಇದೊಂದಕ್ಕೆ ಮಾತ್ರ ಕಡಲತೀರ ಉಪಯೋಗಕ್ಕೆ ಬರುತ್ತಿಲ್ಲ. ಸಂಜೆ ಕ್ರಿಕೆಟ್ ಹುಡುಗರು ಹೋದ ಮೇಲೆ ಶಾಲೆಯ ಮೈದಾನದಲ್ಲಿ ಎರಡೂ ಕಾಲಿನಿಂದ ಅಭ್ಯಾಸ ಮಾಡುತ್ತಿದ್ದೇನೆ.