ಮಲ್ಲಿಗೆಯ ದುಡ್ಡನ್ನೂ ಬರೆದೆ

ಸಾಲ ತೀರಿಸಲಾಗದೆ ಕೋರ್ಟಿಗೆ ದಿವಾಳಿ ಅರ್ಜಿ ಹಾಕುವುದಕ್ಕೆ ನಮ್ಮಲ್ಲಿ ‘ಪಾಪರ್ ಹಾಕುವುದು’ ಎನ್ನುತ್ತಾರೆ. ನಾನು ಹಾಕಿದ್ದು ಉಡುಪಿಯ ಕೋರ್ಟಿನಲ್ಲಿ. ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುವ ಕಸುಬು ನನ್ನದು. 2020, 2021ರಲ್ಲಿ ಮದುವೆಯೂ ಇಲ್ಲ, ಭೂತದ ನೇಮವೂ ಇಲ್ಲ. ಸೊಸೈಟಿಯ ಕಂತು ಕಟ್ಟಲು ಕೈಸಾಲ, ಕೈಸಾಲ ತೀರಿಸಲು ಇನ್ನೊಂದು ಕೈಸಾಲ.

2016ರ ದಿವಾಳಿ ಸಂಹಿತೆಯಡಿ ಅರ್ಜಿ ಹಾಕುವುದೆಂದುಕೊಂಡಿದ್ದೆ. ಅದರಲ್ಲಿ ಬಿಡಿ ವ್ಯಕ್ತಿಗಳ ಭಾಗ ಜಾರಿಯಾಗಿದ್ದದ್ದು ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರವಂತೆ. ನನ್ನಂಥವರಿಗೆ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಗತಿ.

ಸಾಲ ಕೊಟ್ಟವರ ಹೆಸರು, ವಿಳಾಸ, ಮೊತ್ತ ಒಂದೇ ಸಂಜೆಯಲ್ಲಿ ಬರೆದು ಮುಗಿಸಿದೆ. ಅವು ಬಾಯಿಪಾಠವಾಗಿದ್ದವು. ಆಸ್ತಿಯ ಪಟ್ಟಿಯಲ್ಲಿ ಅಡುಗೆಮನೆಯ ಪಾತ್ರೆಗೆ ಜಪ್ತಿಯಿಂದ ವಿನಾಯಿತಿ, ಬಾಡಿಗೆಯ ಕೊಪ್ಪರಿಗೆಗೆ ಇಲ್ಲ. ಟೆಂಪೋವನ್ನು ವರ್ಷದ ಹಿಂದೆ ಭಾವನ ಹೆಸರಿಗೆ ಮಾಡಿದ್ದೆ. ಅದನ್ನು ಹೇಳುವಾಗ ವಕೀಲರ ಮುಖ ನೋಡಲಾಗಲಿಲ್ಲ. ದುಡ್ಡು ಪಡೆಯದೆ ಮಾಡಿದ ಅಂಥ ವರ್ಗಾವಣೆ ಎರಡು ವರ್ಷದೊಳಗಿನದಾದರೆ ರದ್ದಾಗಬಹುದು. ಅದನ್ನೂ ಬರೆಸಿದರು.

ಕೈ ನಿಂತದ್ದು ಆದಾಯದಲ್ಲಿ. ಅಂಗಳದಲ್ಲಿ ನಲವತ್ತು ಶಂಕರಪುರ ಮಲ್ಲಿಗೆ ಗಿಡಗಳಿವೆ. ಹೆಂಡತಿ ಬೆಳಕು ಹರಿಯುವ ಮೊದಲೇ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೂ ಕೊಳ್ಳುವ ಕಟ್ಟೆಗೆ ಕೊಡುತ್ತಾಳೆ. ಕಟ್ಟಿದ ಹೂವನ್ನು ಅಳೆಯುವುದು ಅಟ್ಟೆಯ ಲೆಕ್ಕದಲ್ಲಿ, ಅದರ ದರ ದಿನಕ್ಕೊಂದು. ಸಿಕ್ಕಿದ್ದರಲ್ಲಿ ಹೆಚ್ಚಿನದು ಸಂಜೆ ಪಿಗ್ಮಿಗೆ, ಅಂದರೆ ದಿನಾ ಸ್ವಲ್ಪ ಸ್ವಲ್ಪ ಕಟ್ಟುವ ಉಳಿತಾಯಕ್ಕೆ. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಶುರುಮಾಡಿದ ಪದ್ಧತಿ ಇವತ್ತಿಗೂ ನಮ್ಮ ಹೆಂಗಸರ ಗುಟ್ಟಿನ ತಿಜೋರಿ.

“ಇದನ್ನೂ ಬರೆಯಲಿಕ್ಕುಂಟಾ ಮಾರಾಯ್ರೆ? ಖಾತೆ ನನ್ನ ಹೆಸರಲ್ಲಿ ಅಲ್ವಾ?” ಎಂದಳು ಹೆಂಡತಿ.

ನನಗೂ ಹಾಗೇ ಅನಿಸಿತ್ತು. ವಕೀಲರು ಕೇಳಿದ್ದು ಒಂದೇ: “ಜಾಗ ಯಾರ ಹೆಸರಲ್ಲಿ?” ನನ್ನದು. ಮೋಸದಿಂದ ಲೆಕ್ಕ ಬಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲಾಗಬಹುದು ಎಂದರು. ಆದರೆ ನನ್ನ ನಿಜವಾದ ಹೆದರಿಕೆ ಬೇರೆ ಇತ್ತು: ಇಷ್ಟೆಲ್ಲ ಬರುತ್ತದೆಂದು ಬರೆದರೆ ‘ತೀರಿಸಲಾಗದು’ ಎನ್ನುವ ನನ್ನ ಮಾತನ್ನು ಕೋರ್ಟು ನಂಬೀತೇ?

ಅಕ್ಕಿ ಡಬ್ಬದ ಹಿಂದಿನಿಂದ ಕಟ್ಟೆಯ ಚೀಟಿಗಳು ಹೊರಬಂದವು, ಕೆಲವು ಒದ್ದೆಯಾಗಿ ಶಾಯಿ ಹರಡಿದ್ದವು. ಚೀಟಿ ಇಲ್ಲದ ದಿನಗಳಿಗೆ ಪಿಗ್ಮಿ ಪುಸ್ತಕ ನೋಡಿದೆವು. ಯಾವ ತಾರೀಕಿಗೆ ಎಷ್ಟು ಕಟ್ಟಿದ್ದಾಳೆಂದು ಅದರಲ್ಲಿತ್ತು. ಎರಡೂ ಇಲ್ಲದ ಕಡೆ ‘ಅಂದಾಜು’ ಎಂದು ಪಕ್ಕದಲ್ಲಿ ಬರೆದೆ. ರಶೀದಿ ಇಲ್ಲದೆ ನೆರೆಮನೆಗೆ ಕೊಟ್ಟ ಕುರ್ಚಿಗಳ ಬಾಡಿಗೆಯೂ ಸೇರಿತು. ಇನ್ನೂರು ಪುಟದ ಪುಸ್ತಕದಲ್ಲಿ ಮೂವತ್ತೊಂದು ಪುಟ ತುಂಬಿತು.

ಮಲ್ಲಿಗೆಯಿಂದ ವರ್ಷಕ್ಕೆ ಬಂದದ್ದು 61,400. ಸೊಸೈಟಿಯ ಬಡ್ಡಿಯೊಂದೇ ಲಕ್ಷ ದಾಟಿತ್ತು. ವಕೀಲರು ಎರಡೂ ಅಂಕಿಗಳ ಕೆಳಗೆ ಗೆರೆ ಎಳೆದು, “ಇದನ್ನು ಬಿಟ್ಟಿದ್ದರೆ ನಿಮ್ಮ ಅರ್ಜಿಗೆ ಅರ್ಧ ಬಲ ಇರುತ್ತಿರಲಿಲ್ಲ” ಎಂದರು.

ರಾತ್ರಿ ಹೆಂಡತಿ ಪುಸ್ತಕ ತೆಗೆದುಕೊಂಡು ಆ ಮೊತ್ತವನ್ನು ಬೆರಳಿಟ್ಟು ಓದಿದಳು. ಅವಳ ಬೆರಳ ತುದಿಯಲ್ಲಿ ಇನ್ನೂ ನಾರಿನ ಕರೆ ಇತ್ತು. “ವರ್ಷ ಇಡೀ ಕೊಯ್ದದ್ದಕ್ಕೆ ಇಷ್ಟೇಯಾ?” ಎಂದಳು.